ರಾತ್ರಿ ಪಾಳಿಯ ತಾತ

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬಂದವರೂ ಜಗಲಿ ಮೇಲೆ ಕೂತು 'ಉಸ್ಸಪ್ಪಾ' ಅಂತ ಕಾಲು ನೀವಿಕೊಳ್ಳುವ ಊರು ನಮ್ಮದು. ಅಂಥ ಊರಿನವನನ್ನು ಮಗಳು ಬಾಣಂತನಕ್ಕೆಂದು, ಅವಳಮ್ಮನ ಜೊತೆ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆಸಿಕೊಂಡಳು. 14,000 ಕಿಲೋಮೀಟರ್ ಆಸುಪಾಸು. 'ದುಬೈನಲ್ಲಿ ವಿಮಾನ ಬದಲಾಯಿಸೋಕೆ ಗೊತ್ತಾಗಲ್ಲಮ್ಮ' ಎಂದು ತಪ್ಪಿಸಿಕೊಳ್ಳೋಣವೆಂದರೆ, 2021ರಲ್ಲಿ ನೇರ ವಿಮಾನ ಶುರುವಾಗಿ ಆ ನೆಪವೂ ಹೋಗಿತ್ತು.

ಹದಿನಾರು ಗಂಟೆಗೂ ಮೀರಿದ ಹಾರಾಟ. ಎದುರಿನ ಪುಟ್ಟ ಪರದೆಯಲ್ಲಿ ಬೊಂಬೆ ವಿಮಾನವೊಂದು ನೀಲಿ ಸಮುದ್ರಕ್ಕೆ ಅಂಟಿಕೊಂಡಿತ್ತು. ಸಿನಿಮಾ ನೋಡಿ, ಉಂಡು, ತೂಕಡಿಸಿ ಎದ್ದು ನೋಡಿದರೆ ಉಗುರಿನಷ್ಟು ಮುಂದೆ ಸರಿದಿತ್ತು. ಕಾಲು ಊದಿ ಚಪ್ಪಲಿಗೆ ಹೋಗಲೊಲ್ಲದು. ಆಗ ನೆನಪಾದದ್ದು ನಮ್ಮ ಬೀಗರ ಊರಿನ ಕುದುರೆಗಳು. ಅವರು ಕುಣಿಗಲ್ಲಿನವರು. ಅಲ್ಲಿನ ಕುದುರೆ ಫಾರಂಗೆ ಹಿಂದೆ ವಿದೇಶದಿಂದ ಗಂಡು ಕುದುರೆ ತರಿಸುತ್ತಿದ್ದರು. ರೇಸಿನ ಕುದುರೆಗಳು ವಿಮಾನದಲ್ಲಿ ನಿಂತೇ ಬರುತ್ತವೆ, ನಿಂತಲ್ಲೇ ತೂಕಡಿಸುತ್ತವೆ. ನಡುವಿನ ಸೀಟಿನಲ್ಲಿ ಸಿಕ್ಕಿಕೊಂಡ ನನಗೆ ಅವುಗಳ ಮೇಲೆ ಹೊಟ್ಟೆಕಿಚ್ಚಾಯಿತು. ನಮ್ಮಾಕೆಗೆ ಆ ಚಿಂತೆಯಿಲ್ಲ. ತುಮಕೂರು ಬಿಟ್ಟ ಬಸ್ಸು ಕ್ಯಾತ್ಸಂದ್ರ ಮುಟ್ಟುವಷ್ಟರಲ್ಲಿ ಗೊರಕೆ ಹೊಡೆಯುವವಳು. ಆಕಾಶದಲ್ಲೂ ರೂಢಿ ಬಿಡಲಿಲ್ಲ.

ಇಳಿದ ಮೇಲೆ ಅಧಿಕಾರಿಯೊಬ್ಬ ಅಂಟಿನುಂಡೆ ಡಬ್ಬ ತೆಗೆಸಿ, ಮೂಸಿ, ಏನಿದು ಎಂದ. 'ಫಾರ್ ಬಾಣಂತಿ' ಎಂದಳು ನಮ್ಮಾಕೆ. ಏನು ತಿಳಿಯಿತೋ, ಬಿಟ್ಟುಬಿಟ್ಟ.

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ಒಂದಾದರೆ ಗುಬ್ಬಿಯಲ್ಲಿ ನಡುರಾತ್ರಿ ಒಂದೂವರೆ. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುವುದಂತೆ. ಹಗಲು ಅನ್ನ ಕಲಸುತ್ತಲೇ ತಟ್ಟೆಗೆ ಬಾಗುತ್ತಿದ್ದೆ. ರಾತ್ರಿ ಎರಡಕ್ಕೆ ಕಣ್ಣು ಫಕ್ಕನೆ ಬಿಟ್ಟು, ಹೊಟ್ಟೆ ತಟ್ಟೆ ಇಡ್ಲಿ ಕೇಳುತ್ತಿತ್ತು. 1884ರಲ್ಲೇ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ ಊರಿನವನಿಗೆ ನಿದ್ದೆಗೆಡುವುದೇನೂ ಕಷ್ಟವಲ್ಲ, ಸರಿ. ಆದರೆ ನೋಡೋಕೆ ನಾಟಕ ಬೇಡವೇ?

ಅದೂ ಇತ್ತು. ಹುಟ್ಟಿ ವಾರವಾಗದ ಮೊಮ್ಮಗಳು ರಾತ್ರಿಯಿಡೀ ಆಟ ಕಟ್ಟುತ್ತಿದ್ದಳು. ಅವಳೂ ಈಗಷ್ಟೇ ಬಂದಿಳಿದವಳು. ಹಗಲು ಯಾವುದು, ರಾತ್ರಿ ಯಾವುದು ಗೊತ್ತಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ಆ ಊರಿನ ಭಾಷೆಯೂ ಬಾರದು. ನನಗಂತೂ ಸರಿಯಾದ ಜೊತೆ. ಹೆಗಲ ಮೇಲೆ ಹಾಕಿಕೊಂಡು, ಬೆನ್ನು ತಟ್ಟುತ್ತಾ, ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಹಾಲಿಗೆ ತಿರುಗುತ್ತಿದ್ದೆ. ಅವಳೊಂದು ತೇಗು ತೇಗಿದರೆ ನನ್ನ ಹೊಟ್ಟೆ ಹಗುರಾಗುತ್ತಿತ್ತು. ಹಗಲು ಪಾಳಿ ಅಜ್ಜಿಯದು, ರಾತ್ರಿ ಪಾಳಿ ನನ್ನದು. ಮಗಳು, ಅಳಿಯ ಹಾಯಾಗಿ ಮಲಗುತ್ತಿದ್ದರು. ಅಮೆರಿಕದಲ್ಲಿ ಇಂಥ ಆಳು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲವಂತೆ.

ಬರಬರುತ್ತಾ ನನಗೂ ರಾತ್ರಿ ನಿದ್ದೆ ಹತ್ತತೊಡಗಿತು. ಒಂದು ದಿನ ಕೂಸು ಕಿರುಚಿ ಮನೆ ಎಬ್ಬಿಸಿದರೂ ನನಗೆ ಎಚ್ಚರವಿಲ್ಲ. ಬೆಳಿಗ್ಗೆ ಎದ್ದವನೇ, 'ಅಂತೂ ಈ ಊರಿಗೆ ಒಗ್ಗಿಬಿಟ್ಟೆ ಕಣಮ್ಮ' ಎಂದೆ. ರಾತ್ರಿಯೆಲ್ಲ ಕಣ್ಣು ಮುಚ್ಚದ ಮಗಳು ನನ್ನನ್ನೊಮ್ಮೆ ನೋಡಿ, ಕುಣಿಗಲ್ಲಿಗೆ ಫೋನ್ ಹಚ್ಚಿದಳು.

'ಅತ್ತೆ, ನಿಮ್ಮ ವೀಸಾ ಎಲ್ಲಿಗೆ ಬಂತು?'