ಕನ್ನಡಕದವರ ಲೆಕ್ಕ

1899ರಲ್ಲಿ ಶಿವಮೊಗ್ಗೆಯ ಕಡೆಗೆ ರೈಲುಮಾರ್ಗ ಕವಲೊಡೆದಂದಿನಿಂದ ಗಾಡಿ ಬದಲಾಯಿಸುವವರ ಹಸಿವನ್ನು ತಣಿಸುವ ಪುಣ್ಯಕಾರ್ಯವು ಬೀರೂರಿನ ಪಾಲಿಗೆ ಬಂದಿರುವುದಾದರೂ, ನಾನು ಹೊಕ್ಕ ಹೋಟೆಲಿನ ಮಾಣಿಗೆ ನನ್ನ ಹಸಿವಿಗಿಂತ ಮೇಜಿನ ಶುದ್ಧಿಯೇ ಅಧಿಕ ಚಿಂತೆಯ ವಿಷಯವಾಗಿದ್ದಂತೆ ತೋರಿತು. ಹೆಗಲ ಮೇಲಿನ ವಸ್ತ್ರದಿಂದ (ಅದರ ಮೂಲವರ್ಣವನ್ನು ನಿರ್ಣಯಿಸುವುದು ಪುರಾತತ್ತ್ವಜ್ಞರ ಕೆಲಸ) ಹಿಂದಿನ ಗಿರಾಕಿಯ ಸಾಂಬಾರಿನ ಶೇಷವನ್ನು ನನ್ನ ಪಂಚೆಯ ಕಡೆಗೇ ಸಾರಿಸಿ, ನಾಲ್ಕು ಗಾಜಿನ ಲೋಟಗಳಲ್ಲಿ ನಾಲ್ಕು ಬೆರಳುಗಳನ್ನು ಮುಳುಗಿಸಿ ತಂದ ತೀರ್ಥದಲ್ಲಿ ಒಂದನ್ನು ಕೈಜಾರಿಸಿ, ಉಳಿದುದನ್ನು ಮುಂದಿಟ್ಟು, "ಏನು ಕೊಡ್ಲಿ ಸ್ವಾಮೀ?" ಎಂದನು.

"ಏನೇನಿದೆ?"

ಉತ್ತರವಾಗಿ ಹೊರಟ ನಾಮಾವಳಿ, ಇಡ್ಲಿ ವಡೆ ಉಪ್ಪಿಟ್ಟು ಕೇಸರೀಭಾತು ಪೂರಿಸಾಗು ಖಾಲಿದೋಸೆ ಮಸಾಲೆದೋಸೆ, ಒಂದೇ ಉಸಿರಿನಲ್ಲಿ ಮುಗಿದುದರಿಂದ ನನ್ನ ಕಿವಿಯಲ್ಲಿ ನಿಂತದ್ದು ಕೊನೆಯದೊಂದೇ.

"ಮಸಾಲೆದೋಸೆ ಕೊಡಪ್ಪ."

"ಅದು ಆಗೋಯ್ತು ಸ್ವಾಮೀ."

"ಪೂರಿ?"

"ಸಂಜೆಗೆ."

ಇಲ್ಲದುದನ್ನೂ ಅಷ್ಟು ಶ್ರದ್ಧೆಯಿಂದ ಪಠಿಸುವುದೇಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಇಡ್ಲಿಯೊಂದೇ ಸತ್ಯ, ಮಿಕ್ಕುದೆಲ್ಲ ಮಿಥ್ಯೆಯೆಂಬ ಜ್ಞಾನೋದಯವಾಗಿ, ಎರಡನ್ನು ತಿಂದು ಕಾಫಿ ಕುಡಿಯುವಷ್ಟರಲ್ಲಿ ಗಾಡಿಯ ಸಿಳ್ಳು ಕೇಳಿಬಂದಿತು.

ಒಂದಕ್ಷರವನ್ನೂ ಬರೆದಿಟ್ಟುಕೊಳ್ಳದ ಆ ಹುಡುಗನ ಸ್ಮರಣಶಕ್ತಿಗೆ ಮಾತ್ರ ತಲೆಬಾಗಲೇಬೇಕು. ನಾನು ಗಲ್ಲಾದ ಬಳಿ ನಿಂತೊಡನೆಯೇ ಒಳಗಿನಿಂದ ಅಶರೀರವಾಣಿಯಂತೆ ಮೊಳಗಿತು:

"ಕನ್ನಡಕದವರದು ಎರಡಿಡ್ಲಿ, ಒಂದು ಕಾಫಿ, ಒಡೆದ ಲೋಟ ಒಂದು!"

ವಾದಿಸೋಣವೆಂದರೆ ಸಿಳ್ಳು ಎರಡನೆಯ ಬಾರಿ ಕೂಗಿತು.