ಗುಂಡಿಗೆ ತುಪ್ಪ

ಅಬಲೂರು ಸರ್ವಜ್ಞನ ಊರು ಎನ್ನುತ್ತಾರೆ. ಹಾಗಾಗಿ ಇಲ್ಲಿನ ಕಟ್ಟೆಯ ಮೇಲೆ ತಿಳಿಯದವರು ಯಾರೂ ಕೂಡುವುದಿಲ್ಲ. ಗೋವಿನಜೋಳಕ್ಕೆ ನುಗ್ಗಿದ ಕಾಡುಹಂದಿಯ ಮಾತು ಎದ್ದರೆ ಅದು ಬಂದೂಕಿಗೇ ಹೋಗಿ ಮುಟ್ಟುತ್ತದೆ.

"ಕಾಕಾ, ಸೀಸದ ಗುಂಡಿಗೂ ಎಣ್ಣಿ ಹಚ್ಚತಾರೇನ್ರಿ?"

ಕಾಕಾ ಎಲೆಗೆ ಸುಣ್ಣ ಸವರುತ್ತ, "ಹಚ್ಚದಿದ್ರ ಸೀಸ ನಳಿಗೀ ಒಳಗ ಅಂಟತೈತಿ. ಅಳತಿ ತಪ್ಪಿದ್ರ ಇಳಿಯಂಗೇ ಇಲ್ಲ. ಬಳೆಗಾರ ಸಾಬೂನು ಹಚ್ಚಿ ಬಳಿ ಏರಸ್ತಾನಲ್ಲ, ಹಂಗ" ಎಂದರು.

ಆದರೆ ಬಳೆಗಾರನ ಸಾಬೂನು ಯಾವ ಸರಕಾರವನ್ನೂ ಅಲುಗಾಡಿಸಿಲ್ಲ. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟೆಗೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ಆ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಗಾಬರಿಬಿದ್ದ ಈಸ್ಟ್ ಇಂಡಿಯಾ ಕಂಪನಿ, ನಿಮಗೆ ಒಪ್ಪುವುದನ್ನೇ ಹಚ್ಚಿಕೊಳ್ಳಿ ಎಂದಿತು. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಅದೇ ವರ್ಷ ನಮ್ಮ ಹಲಗಲಿಯ ಬೇಡರು ಆಯುಧ ಒಪ್ಪಿಸೆವೆಂದು ಸಿಡಿದೆದ್ದರು.

"ತುಪ್ಪಾನೂ ಹಚ್ಚಬಹುದಿತ್ತೇನ್ರಿ? ನಮ್ಮನ್ಯಾಗ ರೊಟ್ಟಿಗೇ ತುಪ್ಪಿಲ್ಲ!"

"ಅದಕ್ಕ ನಿಮ್ಮವ್ವ ನಿನ್ನ ಕೈಯಾಗ ಕವಣಿ ಕೊಟ್ಟಾಳ. ಕವಣಿ ಕಲ್ಲಿಗೆ ತುಪ್ಪಾನೂ ಬ್ಯಾಡ, ಲೈಸೆನ್ಸೂ ಬ್ಯಾಡ. ನಡಿ, ಹೊಲದಾಗ ಹಂದಿ ನಿನ್ನ ದಾರಿ ಕಾಯಾಕತ್ತೈತಿ!"