ಕಲ್ಲಿಗೆ ಪುಟದ ಲೆಕ್ಕ ಕೇಳಬ್ಯಾಡ, ತಮ್ಮಾ!

ಬೆಳಗಾವಿ ಜಿಲ್ಲೆಯ ಕಲ್ಲೋಳಿಯ ಶಾಸನ ಶಕ 1127ರದು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಶಾಂತಿನಾಥ ಬಸದಿಗೆ ಬಿಟ್ಟ ದತ್ತಿಯ ದಾಖಲೆ. ಕೈದಿಗಳ ಅರ್ಜಿ ಎಷ್ಟುದ್ದ ಇರಬೇಕೆಂದು ಕೋರ್ಟುಗಳು ಗೆರೆ ಎಳೆಯುವ ಈ ಕಾಲದಲ್ಲಿ, ಎಂಟುನೂರು ವರ್ಷದಿಂದ ಒಂದೇ ಕಡತ ಹೊತ್ತ ಈ ಹಿರಿಯ ಕಲ್ಲನ್ನು ಮಾತಾಡಿಸಿದೆವು.

ಅಜ್ಜಾ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಶುಲ್ಕ ಕಟ್ಟಲಾಗದವರ ಅರ್ಜಿ 40 ಪುಟ ಮೀರುವಂತಿಲ್ಲ. ಕೈದಿಗಳ ಅರ್ಜಿಗಳು ಬಹುತೇಕ ಆ ಸಾಲಿನವೇ. ಇದು ಸರಿಯೇ?

ತಪ್ಪೇನೈತಿ? ಅಕ್ಷರಕ್ಕೊಂದು ಉಳಿ ಏಟು ಬಿದ್ದಿದ್ರ ವಕೀಲರೂ ಉದ್ದ ಬರೀತಿರಲಿಲ್ಲ.

ನಿಮ್ಮ ಮೈಮೇಲೆ ಅರಸರ ವಂಶಾವಳಿ, ಹೊಗಳಿಕೆ ಧಾರಾಳವಾಗಿದೆಯಲ್ಲ?

ಅರಸನ ಕಲ್ಲು, ಅರಸನ ಉಳಿ. ಉಳ್ಳವರ ಬಿರುದಿಗೆ ಕಲ್ಲು ಸಾಲಂಗಿಲ್ಲ. ಇಲ್ಲದವನ ಗೋಳಿಗೆ ಮಾತ್ರ ಅಳತಿಗೋಲು ಬರತೈತಿ.

ನಮ್ಮ ದೇಶದಲ್ಲಿ?

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸಿನ ವಾದ 68 ದಿನ ನಡೀತು. 13 ನ್ಯಾಯಮೂರ್ತಿಗಳು ಕೇಳಿದರು. 1973ರಾಗ ಬಂದ ತೀರ್ಪು ನೂರಾರು ಪುಟ. ಸಂವಿಧಾನದ ಪ್ರಶ್ನಿ ದೊಡ್ಡದು, ಉತ್ತರ ಉದ್ದಾತು, ಒಪ್ಪಿದೆ. ಆದರ ಕೈದಿಗೆ ಅವನ ಬಾಳೇವೇ ದೊಡ್ಡ ಪ್ರಶ್ನಿ, ಅಲ್ಲೇನು?

ಚಿಕ್ಕದಾಗಿ ಬರೆದರೆ ಕೇಳುತ್ತಾರೆಯೇ?

ಕೇಳ್ಯಾರ. 1962ರಾಗ ಫ್ಲೋರಿಡಾದ ಜೈಲಿನಾಗ ಗಿಡಿಯನ್ ಅನ್ನಾವ ಪೆನ್ಸಿಲ್ಲಿಲೆ ಐದು ಪುಟ ಗೀಚಿದಾ. ಮರುವರ್ಷ ಬಡವರಿಗೂ ಸರ್ಕಾರ ವಕೀಲರನ್ನ ಕೊಡಬೇಕಂತ ತೀರ್ಪಾತು. ನಮ್ಮ ತಿಹಾರ ಜೈಲಿನಾಗ ಸುನೀಲ್ ಬಾತ್ರಾ ಇನ್ನೊಬ್ಬ ಕೈದಿಗೆ ಆದ ಹಿಂಸೆ ಬಗ್ಗೆ ಸುಪ್ರೀಂ ಕೋರ್ಟಿಗೆ ಕಾಗದ ಬರದಾ. ಅದನ್ನ ರಿಟ್ ಅರ್ಜಿ ಅಂತ ತಗೊಂಡು, 1979ರಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರದರು. ಕಿವಿ ಇದ್ದಲ್ಲಿ ಕಾಗದ ಸಣ್ಣದಿದ್ರೂ ನಡೀತೈತಿ.

ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿರುವವರಿಗೆ ದಾರಿ?

ಶಿಕ್ಷೆ ಆದಾಂವ ಮೇಲ್ಮನವಿನ ಜೈಲಧಿಕಾರಿ ಕೈಯಾಗ ಕೊಟ್ರ ಸಾಕು, ಕೋರ್ಟಿಗೆ ಮುಟ್ಟಿಸೋದು ಅವರ ಕರ್ತವ್ಯ. ನಾಗರಿಕ ಸುರಕ್ಷಾ ಸಂಹಿತೆಯ 424ನೇ ಕಲಮು. ಬರಿಯಾಕ ಬರದಿದ್ರ 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ವಕೀಲರು ಪುಗಸಟ್ಟೆ. ಹೈಕೋರ್ಟ್ ಪೀಠ ಧಾರವಾಡದಾಗ ಐತಿ, 2008ಕ್ಕ ಮೊದಲಿನಂಗ ಬೆಂಗಳೂರತನಕ ಕಾಗದ ಓಡಬೇಕಿಲ್ಲ.

ಹಾಗಾದರೆ ಎಲ್ಲ ಸರಿಯಾಗಿದೆ!

ಕಲ್ಲಿಗೂ ನಗು ತರಸ್ತಿ. ದೇಶದ ಜೈಲಿನಾಗ ನಾಲ್ವರಿದ್ರ ಸುಮಾರು ಮೂವರು ವಿಚಾರಣಾಧೀನರು, ತಪ್ಪು ಸಾಬೀತಾಗದವರು. ಅರ್ಜಿಯ ಪುಟ ಎಣಿಸಾಕ ಗುಮಾಸ್ತರು ಇದಾರ. ಕಾದ ದಿನ ಎಣಿಸಾಕ ಯಾರು?

ಶಾಸನದ ಕೊನೆಯಲ್ಲಿ ಶಾಪ ಇರುತ್ತದಲ್ಲ?

ದತ್ತಿ ಕಸಗೊಂಡಾಂವ 60,000 ವರ್ಷ ಹೊಲಸಿನ ಹುಳ ಆಗತಾನಂತ ಕೆತ್ತೋದು ನಮ್ಮ ಪದ್ಧತಿ. ಕೈದಿಯ ಅರ್ಜಿಗೆ ಆ ಸವಲತ್ತು ಇಲ್ಲ. ಅಂವ ಕಡೀಕ 'ತಮ್ಮ ವಿಧೇಯ' ಅಂತನ ಬರೀಬೇಕು.

ಕೊನೆಯ ಮಾತು?

ಅದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಓದು. ಹಿಂದ ಎಂದೂ ಶಿಕ್ಷೆ ಆಗದಾಂವ, ಮ್ಯಾಲ ಬ್ಯಾರೆ ಕೇಸಿಲ್ಲ, ಮರಣದಂಡನಿ-ಜೀವಾವಧಿಯ ಆರೋಪನೂ ಇಲ್ಲ. ಅಂಥಾಂವ ಗರಿಷ್ಠ ಶಿಕ್ಷೆಯ ಮೂರರಾಗ ಒಂದು ಪಾಲು ಒಳಗ ಕಳದ್ರ, ಬಿಡುಗಡಿಗೆ ಕೋರ್ಟಿಗೆ ಅರ್ಜಿ ಬರಿಯಬೇಕಾದಾಂವ ಕೈದಿಯಲ್ಲ, ಜೈಲು ಸುಪರಿಂಟೆಂಡೆಂಟ್. ಆ ಅರ್ಜಿಗೆ ಒಂದು ಪುಟ ಸಾಕು.